ಬೋರ್ಡಿನ ಹಿಂದಿನ ಮನೆ

ನಮ್ಮ ಮನೆಗೂ ಹತ್ತನೇ ತರಗತಿಗೂ ನಡುವೆ ಇದ್ದದ್ದು ಒಂದು ಪ್ಲೈವುಡ್ ಗೋಡೆ. ಅದರ ಆಚೆ ಮಗ್ಗುಲಿಗೆ ಶಾಲೆಯ ಬೋರ್ಡು, ಈಚೆ ಮಗ್ಗುಲಿಗೆ ಅಮ್ಮನ ಅಡುಗೆಮನೆ. ಬೋರ್ಡನ್ನು ನಿಲ್ಲಿಸಲು ಹೊಡೆದ ಮೊಳೆಗಳು ಪ್ಲೈವುಡ್ಡನ್ನು ತೂರಿಕೊಂಡು ನಮ್ಮ ಕಡೆ ಮೂತಿ ಹೊರಹಾಕಿದ್ದವು. ಬೇರೆ ಹೆಂಗಸಾಗಿದ್ದರೆ ಬಡಗಿಯನ್ನು ಕರೆಸಿ ನಾಲ್ಕು ಮಾತು ಆಡುತ್ತಿದ್ದಳು. ಅಮ್ಮ ಒಂದಕ್ಕೆ ಸೌಟು, ಒಂದಕ್ಕೆ ಟೀ ಜರಡಿ, ಒಂದಕ್ಕೆ ಇಕ್ಕಳ ನೇತುಹಾಕಿದಳು. ಅಪ್ಪ ಆಚೆ ಕಡೆ ಬರೆಯತೊಡಗಿದರೆ ಈಚೆ ಕಡೆ ಸೌಟು, ಜರಡಿ ಸಣ್ಣಗೆ ಅಲುಗುತ್ತಿದ್ದವು. ಅಪ್ಪನಿಗೆ ಸಿಟ್ಟು ಬಂದ ದಿನ ಗಣಗಣ ಅನ್ನುತ್ತಿದ್ದವು. "ಇವತ್ತು ಯಾರೋ ಹೋಂವರ್ಕ್ ಮಾಡಿಲ್ಲ," ಎಂದು ಅಮ್ಮ ಒಲೆಯ ಮುಂದೆ ನಿಂತಲ್ಲಿಂದಲೇ ಹೇಳಿಬಿಡುತ್ತಿದ್ದಳು. ಅದು ಒಂದು ದಿನವೂ ಸುಳ್ಳಾದದ್ದು ನನಗೆ ನೆನಪಿಲ್ಲ.

ಅಪ್ಪ ಆ ಕನ್ನಡ ಹೈಸ್ಕೂಲಿನ ಹೆಡ್ಮಾಸ್ತರರು. ಮುಂಬಯಿಯ ಜೋಗೇಶ್ವರಿ ಸ್ಟೇಷನ್ನಿನ ಪೂರ್ವಕ್ಕೆ, ಸಣ್ಣಪುಟ್ಟ ಕಾರ್ಖಾನೆಗಳ ಸಾಲಿನ ನಡುವೆ ಒಂದು ಹಳೇ ಬಿಲ್ಡಿಂಗಿನ ನೆಲಮಹಡಿಯೇ ಶಾಲೆ. ಎಂಟು, ಒಂಬತ್ತು, ಹತ್ತು, ಮೂರು ಕೋಣೆ. ನಾಲ್ಕನೆಯ ಕೋಣೆಯ ಅರ್ಧ ಆಫೀಸು, ಉಳಿದರ್ಧ ಮತ್ತು ಹತ್ತನೇ ತರಗತಿಯಿಂದ ಕತ್ತರಿಸಿಕೊಂಡ ಒಂದು ತುಂಡು ಸೇರಿ ನಮ್ಮ ಮನೆ. ಪಕ್ಕದ ಕಾರ್ಖಾನೆಯಲ್ಲಿ ಬಕೆಟ್ಟಿನ ಹಿಡಿಗಳನ್ನು ಬಗ್ಗಿಸುತ್ತಿದ್ದರು. ಆ ಸದ್ದಿನ ಮೇಲೆ ಗಂಟಲು ಏರಿಸಿ ಪಾಠ ಮಾಡಿ ಮಾಡಿ ಅಪ್ಪನಿಗೆ ಮೆಲ್ಲಗೆ ಮಾತಾಡುವುದೇ ಮರೆತುಹೋಗಿತ್ತು. ಉಪ್ಪು ಕೇಳಿದರೂ ಇಡೀ ಕ್ಲಾಸಿಗೆ ಕೇಳುವ ಹಾಗೆ ಕೇಳುತ್ತಿದ್ದರು. ಬೆಳಗಿನ ಗಂಟೆ ಬಾರಿಸಿದಾಗಿನಿಂದ ಸಂಜೆಯ ಗಂಟೆಯವರೆಗೆ ಮನೆಯಲ್ಲೂ ಅವರು "ಸರ್". ನಾನು ಹಾಗೆ ಕರೆಯುವುದು ಸರಿ, ಅಮ್ಮನೂ ಹಾಗೇ ಕರೆಯುತ್ತಿದ್ದಳು. "ಸರ್, ಸಾರು ಆರಿಹೋಗ್ತಿದೆ," ಎಂದು ಅವಳು ಗೋಡೆಗೆ ಬಾಯಿಟ್ಟು ಹೇಳಿದರೆ ಹತ್ತನೇ ಕ್ಲಾಸಿನ ಹುಡುಗರೆಲ್ಲ ಒಕ್ಕೊರಲಿನಿಂದ "ಸರ್, ಸಾರು" ಅನ್ನುವರು. ಸಂಜೆ ಗಂಟೆಯಾದ ಮೇಲೆ ಅವರು ಮತ್ತೆ "ರೀ" ಆಗುತ್ತಿದ್ದರು.

ನಮ್ಮ ಶಾಲೆಗೆ ಲ್ಯಾಬ್ ಇರಲಿಲ್ಲ. ಗ್ಯಾಸ್ ಇದ್ದದ್ದು ನಮ್ಮ ಅಡುಗೆಮನೆಯಲ್ಲಿ ಮಾತ್ರ. ಹಾಗಾಗಿ ವಿಜ್ಞಾನದ ಪ್ರಾಕ್ಟಿಕಲ್ಲುಗಳೆಲ್ಲ ಅಮ್ಮನ ಒಲೆಯ ಮೇಲೆ. ಗಾಜಿನ ಕೊಳವೆಗಳು ಉಪ್ಪಿನಕಾಯಿ ಭರಣಿಗಳ ಪಕ್ಕ ಅಟ್ಟದ ಮೇಲೆ ಇರುತ್ತಿದ್ದವು. ಆರಾರು ಜನ ಒಳಗೆ ಬರಬೇಕು, ಬರುವ ಮೊದಲು ಕಾಲು ತೊಳೆಯಬೇಕು, ಇದು ಅಮ್ಮನ ಕಾನೂನು. ಒಮ್ಮೆ ವಸಂತ ಎಂಬ ಹುಡುಗ ನೀಲಿ ಲಿಟ್ಮಸ್ ಕಾಗದವನ್ನು ಕೊಟ್ಟ ದ್ರಾವಣದಲ್ಲಿ ಅದ್ದದೆ ಪಕ್ಕದಲ್ಲಿದ್ದ ಅಮ್ಮನ ಸಾರಿನಲ್ಲಿ ಅದ್ದಿದ. ಅದು ಕೆಂಪಾಯಿತು.

"ಅಮ್ಮಾ, ನಿಮ್ಮ ಸಾರು ಆಮ್ಲ ಮಾರಾಯ್ರೆ!" ಎಂದು ಕೂಗಿದ.

"ಹುಣಸೆಹಣ್ಣು ಹಾಕಿದ್ರೆ ಇನ್ನೇನು ಪಾಯಸ ಆಗುತ್ತಾ?" ಎಂದಳು ಅಮ್ಮ. ಆ ದಿನದ ಸಾರನ್ನು ಚೆಲ್ಲಿ ಹೊಸದು ಮಾಡಬೇಕಾಯಿತು. ಅವನಿಗೂ ಒಂದು ಲೋಟ ಕೊಟ್ಟಳು.

ಈ ವಸಂತ ನನ್ನ ಕ್ಲಾಸಿನವನೇ, ಉಡುಪಿ ಕಡೆಯವನು. ಅವನಪ್ಪ ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ಅಡುಗೆ ಭಟ್ಟರ ಕೈಕೆಳಗೆ ಕೆಲಸ ಮಾಡುತ್ತಿದ್ದರು. ದಿನವೂ ಡಬ್ಬಿಯಲ್ಲಿ ಮೀನಿನ ಸಾರು ತರುತ್ತಿದ್ದ. ಮಂಡ್ಯದ ಕಟ್ಟಾ ಸಸ್ಯಾಹಾರಿ ಮನೆಯಿಂದ ಬಂದ ಅಮ್ಮನಿಗೆ ಮೊದಮೊದಲು ಆ ವಾಸನೆಗೇ ಹೊಟ್ಟೆ ತೊಳೆಸುತ್ತಿತ್ತು. ಆಮೇಲೆ ಡಬ್ಬಿ ತೆರೆಯಲು ಪ್ಯಾಸೇಜಿನ ಮೂಲೆಯೊಂದನ್ನು ಅವನಿಗೆ ಗೊತ್ತುಮಾಡಿಕೊಟ್ಟಳು. ಆಮೇಲಾಮೇಲೆ ಇವತ್ತು ಬಂಗುಡೆಯೋ ಬೂತಾಯಿಯೋ ಎಂದು ವಾಸನೆಯಲ್ಲೇ ಹೇಳುವಷ್ಟಾದಳು. ತಿನ್ನಲಿಲ್ಲ ಅಷ್ಟೇ. ನನ್ನ ಬಾಲ್ಯದಲ್ಲಿ ಒಡಹುಟ್ಟಿದವರಿರಲಿಲ್ಲ, ಅದರ ಕೊರತೆಯೂ ತಿಳಿಯಲಿಲ್ಲ. ಇಡೀ ಶಾಲೆ ನಮ್ಮ ಮನೆಯೊಳಗೆ ನೀರು ಕುಡಿಯಲು, ಕೂದಲು ಬಾಚಿಸಿಕೊಳ್ಳಲು, ಹೊಟ್ಟೆನೋವೆಂದು ಮಲಗಲು ಬಂದುಹೋಗುತ್ತಿತ್ತು. ನನಗೆ ಮಾತ್ರ ಶಾಲೆ ತಪ್ಪಿಸಿಕೊಂಡು ಹೋಗಲು ಒಂದು ಮನೆ ಅಂತ ಇರಲಿಲ್ಲವಲ್ಲ ಎಂಬ ಸಂಕಟ.

ಪ್ರತಿ ಜೂನ್ ತಿಂಗಳೂ ನಮ್ಮಲ್ಲಿ ಒಂದು ಜಾತ್ರೆ. ಮುಂಬಯಿಯಲ್ಲಿ ಕನ್ನಡ ಶಾಲೆ ಉಳಿಯಬೇಕಾದರೆ ಮಕ್ಕಳನ್ನು ಮನೆಮನೆಗೆ ಹೋಗಿ ಕರೆದು ತರಬೇಕು. ತಂದವರನ್ನು ಹಿಡಿದಿಟ್ಟುಕೊಳ್ಳಬೇಕು. ಅದರಲ್ಲೂ ಹೆಣ್ಣುಮಕ್ಕಳು ಒಂಬತ್ತನೇ ಕ್ಲಾಸು ಮುಗಿಯುತ್ತಲೇ ಊರಿಗೆ ಹೋದರೆ ತಿರುಗಿ ಬರುತ್ತಿರಲಿಲ್ಲ. ಅಪ್ಪ ಒಬ್ಬೊಬ್ಬ ತಂದೆತಾಯಿಯನ್ನೂ ಮನೆಗೆ ಕರೆಸಿ, ನೆಲದ ಮೇಲೆ ಚಾಪೆ ಹಾಸಿ ಕೂರಿಸಿ, ಅಮ್ಮನ ಕೈಯಿಂದ ಟೀ ಕೊಡಿಸಿ ಮಾತಾಡುತ್ತಿದ್ದರು. ಮಾತು ಎಲ್ಲಿಂದ ಶುರುವಾದರೂ ಕೊನೆಗೆ ಬಂದು ನಿಲ್ಲುತ್ತಿದ್ದದ್ದು ಒಂದೇ ಕಡೆ.

"ನೋಡಿ, ನಮ್ಮನೆಯವರೂ ಎಸ್ಸೆಸ್ಸೆಲ್ಸಿ ಪಾಸಾದೋರೇ. ಅಡುಗೆ ಕೆಟ್ಟಿದೆಯಾ? ಸಂಸಾರ ಕೆಟ್ಟಿದೆಯಾ? ಹುಡುಗಿ ಹತ್ತು ಮುಗಿಸಲಿ, ಆಮೇಲೆ ಮಿಕ್ಕಿದ್ದು."

ಈ ಮಾತಿಗೆ ಬಲ ಇತ್ತು. ಬಂದವರು ಅಮ್ಮನ ಕಡೆ ತಿರುಗಿ ನೋಡುವರು. ಸೆರಗು ಹೊದ್ದ, ಕುಂಕುಮ ಇಟ್ಟ, ಒಳ್ಳೆಯ ಟೀ ಮಾಡುವ ಹೆಂಗಸು ಕಾಣುವಳು. ಓದಿದ ಹೆಣ್ಣು ಹೀಗೂ ಇರಬಹುದು ಎಂದು ಸಮಾಧಾನವಾಗಿ ಎದ್ದುಹೋಗುವರು. ಅಮ್ಮ ಮಾತ್ರ ಆ ಹೊತ್ತಿಗೆ ಸರಿಯಾಗಿ ಒಲೆಯ ಕಡೆ ತಿರುಗಿ ಏನನ್ನೋ ಕದಡುತ್ತಿರುತ್ತಿದ್ದಳು. ಹೊಗಳಿಸಿಕೊಳ್ಳಲು ನಾಚಿಕೆ ಎಂದುಕೊಂಡಿದ್ದೆ.

ನಾನು ಹತ್ತಕ್ಕೆ ಬಂದ ವರ್ಷದ ಜೂನಿನಲ್ಲಿ ಹೀಗೆ ಕರೆಸಿಕೊಂಡವರು ಮಹಾದೇವಿಯ ಅಪ್ಪ ಶರಣಪ್ಪ, ಅವ್ವ ನೀಲವ್ವ. ಕಲಬುರಗಿ ಕಡೆಯ ಜನ. ಶರಣಪ್ಪ ಗೌಂಡಿ, ಕಟ್ಟುತ್ತಿರುವ ಬಿಲ್ಡಿಂಗಿನಲ್ಲೇ ತಗಡು ಕಟ್ಟಿಕೊಂಡು ಸಂಸಾರ, ಕೆಲಸ ಮುಗಿದರೆ ಇನ್ನೊಂದು ಬಿಲ್ಡಿಂಗಿಗೆ. ಮಹಾದೇವಿ ನನ್ನ ಬೆಂಚಿನವಳು. ನಮ್ಮ ಕ್ಲಾಸಿನಲ್ಲೇ ಎತ್ತರದವಳು, ಮಾತಿನಲ್ಲಿ ಯಾರಿಗೂ ಸೋಲುವವಳಲ್ಲ. ಮರಾಠಿ ಟೀಚರ್ ಬೈದರೆ ಅವರಿಗಿಂತ ಚೊಕ್ಕ ಮರಾಠಿಯಲ್ಲಿ ಕ್ಷಮೆ ಕೇಳಿ ಇನ್ನಷ್ಟು ಬೈಸಿಕೊಳ್ಳುತ್ತಿದ್ದಳು. ನನ್ನ ಲೆಕ್ಕ ತಪ್ಪಾದರೆ "ಏ ಹೆಡ್ಡ್ ಸರ್ರ ಮಗಳ, ನಾಚಿಕಿ ಬರ್ತೈತಿಲ್ಲೊ?" ಎನ್ನುತ್ತಿದ್ದಳು. ಅವಳಿಲ್ಲದ ಹತ್ತನೇ ಕ್ಲಾಸನ್ನು ಎಣಿಸಿಕೊಳ್ಳಲೂ ನನಗೆ ಆಗುತ್ತಿರಲಿಲ್ಲ.

ಶರಣಪ್ಪ ಚಾಪೆಯ ಅಂಚಿನಲ್ಲಿ ಕೂತು ಹೇಳಿದರು:

"ಸರ, ಒಂಬತ್ತನೇತ್ತ ತನಕಾ ಓದ್ಯಾಳ. ಹೆಣ್ಣುಹುಡುಗಿಗಿ ಸಾಕಲ್ರಿ. ಊರಾಗ ಸ್ವಾದರಮಾವನ ಮಗ ಅದಾನ. ನಾವು ನಾಳಿ ಯಾವ ಊರಾಗ ಇರ್ತೀವೋ ಏನೋ, ಈಕಿನ್ನ ಕಟ್ಟಿಕೊಂಡು ಎಲ್ಲಿ ಅಡ್ಡಾಡೂದು?"

ಅಪ್ಪ ತಮ್ಮ ಮಾತನ್ನು ತೆಗೆದರು. ನಮ್ಮನೆಯವರೂ ಎಸ್ಸೆಸ್ಸೆಲ್ಸಿ ಪಾಸಾದವರು ಎಂದರು. ಅಡುಗೆ ಕೆಟ್ಟಿದೆಯಾ ಎಂದರು. ಇಷ್ಟು ವರ್ಷ ಬಂದವರೆಲ್ಲ ಈ ಮಾತಿಗೆ ತಲೆಯಾಡಿಸಿ ಎದ್ದುಹೋಗಿದ್ದರು. ನೀಲವ್ವ ಏಳಲಿಲ್ಲ. ಬಾಗಿಲಲ್ಲಿ ನಿಂತಿದ್ದ ಮಗಳ ಕೈ ಹಿಡಿದು ದರದರ ಎಳೆದು ತಂದು ಅಮ್ಮನ ಮುಂದೆ ಕೂರಿಸಿದಳು.

"ಬಾಯಾರ, ಗಂಡಸರ ಮಾತು ಇರ್ಲಿ. ನೀವು ಹೇಳ್ರಿ. ಹತ್ತನೇತ್ತ ಪಾಸ ಮಾಡಿ ನಿಮಗ ಏನ ಉಪಯೋಗ ಆತು? ಈಕಿ ತಲಿ ಮ್ಯಾಲ ಕೈ ಇಟ್ಟು ಖರೇ ಹೇಳ್ರಿ. ನೀವು ಹೆಂಗ ಹೇಳ್ತೀರಿ ಹಂಗ."

ಅಮ್ಮ ಟೀ ಲೋಟ ಕೆಳಗಿಟ್ಟಳು. ಮಹಾದೇವಿಯ ತಲೆಯ ಮೇಲೆ ಕೈ ಇಟ್ಟಳು.

"ನಾನು ಪಾಸಾಗಿಲ್ಲ ಕಣಮ್ಮ," ಎಂದಳು. "ಪರೀಕ್ಷೆಗೇ ಕೂತಿಲ್ಲ. ನಮ್ಮಕ್ಕನ ಬಾಣಂತನಕ್ಕೆ ಅಂತ ಕಳಿಸಿದ್ರು. ತಿರುಗಿ ಬರೋ ಹೊತ್ತಿಗೆ ಪರೀಕ್ಷೆ ಮುಗಿದುಹೋಗಿತ್ತು. ನಮ್ಮ ಚಿಕ್ಕಪ್ಪ ಮದುವೆ ಮಾತಲ್ಲಿ ಪಾಸು ಅಂದುಬಿಟ್ಟರು. ಇವರಿಗೂ ಇವತ್ತೇ ಗೊತ್ತಾಗ್ತಿರೋದು."

ಅಪ್ಪನ ಮುಖ ನೋಡುವ ಧೈರ್ಯ ನನಗಾಗಲಿಲ್ಲ. ಶರಣಪ್ಪ ಒಳ್ಳೆಯ ಮನುಷ್ಯ, ಇನ್ನೊಬ್ಬರ ಮನೆಯ ಮಾತು ಕೇಳಿಸಿಕೊಂಡೆನಲ್ಲ ಎಂಬಂತೆ ಗಡಬಡಿಸಿ ಎದ್ದು, "ಬರ್ತೀವ್ರಿ ಸರ," ಎಂದರು. ಅಷ್ಟಾದರೆ ಮುಗಿಯಿತು, ಮಹಾದೇವಿ ಊರಿಗೆ ಹೋದಂತೆಯೇ.

"ಕೂತ್ಕೊಳ್ಳಿ, ಟೀ ಕುಡೀದೆ ಹೋಗಬಾರದು," ಎಂದಳು ಅಮ್ಮ. ಧ್ವನಿ ಬೇರೆಯಾಗಿತ್ತು. "ಪಾಸಾಗಿದ್ರೆ ಏನು ಉಪಯೋಗ ಅನ್ನೋದು ನನಗೆ ಗೊತ್ತಿಲ್ಲ ನೀಲವ್ವ. ಪಾಸಾಗದೆ ಇದ್ರೆ ಹೇಗಿರುತ್ತೆ ಅನ್ನೋದು ಗೊತ್ತು. ಇವರು ಬಂದವರಿಗೆಲ್ಲ ನನ್ನ ಹೆಸರು ಹೇಳುವಾಗ ನಾನು ಒಲೆ ಕಡೆ ತಿರುಗಿ ನಿಂತಿರ್ತೀನಿ. ಈ ವರ್ಷ ನಾನೂ ಬರೀತೀನಿ. ಒಬ್ಬಳಿಂದ ಆಗಲ್ಲ. ನನ್ನ ಜೊತೆಗೆ ಇವಳು ಬೇಕು."

ನೀಲವ್ವ ಒಂದು ಗಳಿಗೆ ಅಮ್ಮನನ್ನೇ ನೋಡಿ, ಆಮೇಲೆ ಸೆರಗನ್ನು ಬಾಯಿಗಿಟ್ಟುಕೊಂಡು ನಕ್ಕಳು.

"ಬಾಯಾರು ಈ ವಯಸ್ಸಿನ್ಯಾಗ ಬರಿತಾರಂದ್ರ ನಮ್ಮ ಹುಡುಗಿಗಿ ಏನ ಧಾಡಿ? ಬರೀಲಿ ಬಿಡ್ರಿ."

ಶರಣಪ್ಪ ಬಹಳ ಹೊತ್ತು ಟೀ ಊದಿದರು. "ಆತು," ಎಂದರು ಕೊನೆಗೆ. "ಇಬ್ರೂ ಪಾಸ ಆಗೂ ತನಕಾ ನಾನು ಊರಿನ ಮಾತು ಎತ್ತಂಗಿಲ್ಲ. ಆಮ್ಯಾಲ ಮಾತ್ರ ಒಂದ ದಿನಾನೂ ನಿಲ್ಲಸಂಗಿಲ್ಲ. ಸರ, ನೀವ ಸಾಕ್ಷಿ."

ಅಪ್ಪ ತಲೆಯಾಡಿಸಿದರು.

ಅವರು ಹೋದ ಮೇಲೆ ನಡೆದ ಜಗಳ ನನಗೆ ಮಾತು ಮಾತಿಗೂ ನೆನಪಿದೆ. ಏಕೆಂದರೆ ಅಪ್ಪ ಮೆಲ್ಲಗೆ ಮಾತಾಡಿದರು.

"ಊರೆಲ್ಲ ನಿನ್ನ ಹೆಸರು ಹೇಳಿಕೊಂಡು ತಿರುಗಿದೆನಲ್ಲ ಜಯಾ. ಒಂದು ಸಲ ಹೇಳಬಾರದಾಗಿತ್ತಾ?"

"ಮೊದಲು ಹೆದರಿಕೆಯಾಗಿತ್ತು. ಆಮೇಲೆ ಹೇಳಬೇಕು ಅಂದುಕೊಂಡೆ. ಹೇಳಿದ್ರೆ ನೀವು ಆ ಮಾತು ಆಡೋದು ನಿಲ್ಲಿಸ್ತಿದ್ರಿ. ನಿಲ್ಲಿಸಿದ್ರೆ ಶಕುಂತಲಾನ ಅವರಪ್ಪ ಕಳಿಸ್ತಿದ್ರಾ? ಆ ಪಾರ್ವತಿನ? ಅವರೆಲ್ಲ ಹತ್ತು ಮುಗಿಸಿದ್ದು ನಾನು ಬಾಯಿ ಮುಚ್ಚಿಕೊಂಡಿದ್ದಕ್ಕೆ."

"ನಾನು ಸುಳ್ಳು ಹೇಳಿದ ಹಾಗಾಯ್ತಲ್ಲ."

"ಅದನ್ನ ನಿಜ ಮಾಡೋಣ ಅಂತಲೇ ಹೇಳ್ತಿರೋದು."

ಅಪ್ಪನಿಗೆ ಒಳಗೊಳಗೇ ಇನ್ನೊಂದು ಹೆದರಿಕೆ ಇತ್ತು. ಹೆಡ್ ಸರ್ ಹೆಂಡತಿಯೇ ಫೇಲಾದರೆ ಶಾಲೆಯ ಮಾನ ಏನಾದೀತು? ಅದನ್ನು ಬಾಯಿಬಿಟ್ಟು ಹೇಳಲೂ ಆರದೆ, ನುಂಗಲೂ ಆರದೆ ಬಹಳ ದಿನ ಮುಖ ಗಂಟುಹಾಕಿಕೊಂಡಿದ್ದರು. ಊಟ ಬಡಿಸಿದರೆ ಉಣ್ಣುವರು, ಎರಡನೇ ಸಲ ಸಾರು ಹಾಕಿಸಿಕೊಳ್ಳುತ್ತಿರಲಿಲ್ಲ. ಅಮ್ಮನಿಗೆ ಅದು ಬೈಗುಳಕ್ಕಿಂತ ಹೆಚ್ಚು. ಆದರೂ ಪರೀಕ್ಷೆಗೆ ಹೊರಗಿನ ಅಭ್ಯರ್ಥಿಯಾಗಿ ಅವಳ ಹೆಸರು ಕಟ್ಟಿಸಿ ಬಂದವರು ಅಪ್ಪನೇ. ಕಟ್ಟಿಸಿದೆ ಎಂದು ಗೋಡೆಗೆ ಹೇಳುವಂತೆ ಹೇಳಿ ಕ್ಲಾಸಿಗೆ ಹೋದರು. ನನಗಂತೂ ಭೂಮಿ ಬಾಯಿಬಿಡಬಾರದೇ ಅನ್ನಿಸುತ್ತಿತ್ತು. ಅಮ್ಮನ ಜೊತೆ ಒಂದೇ ಪರೀಕ್ಷೆ ಬರೆಯುವ ಹುಡುಗಿ ಇಡೀ ಜೋಗೇಶ್ವರಿಯಲ್ಲಿ ನಾನೊಬ್ಬಳೇ ಇದ್ದಿರಬೇಕು. ವಸಂತ ಕಂಡಕಂಡಲ್ಲಿ "ನಿನ್ನ ಕ್ಲಾಸ್‌ಮೇಟ್ ಇವತ್ತು ಎಂತ ಅಡುಗೆ ಮಾಡಿದ್ದಾರೆ?" ಎಂದು ಕೇಳುತ್ತಿದ್ದ.

ಸಂಜೆ ಗಂಟೆಯಾದ ಮೇಲೆ ಅಡುಗೆಮನೆಯಲ್ಲಿ ನಮ್ಮ ನಾಲ್ವರ ಓದು ಶುರುವಾಯಿತು. ಅಮ್ಮ, ಮಹಾದೇವಿ, ವಸಂತ, ನಾನು. ಮೊದಲ ವಾರವೇ ನಮಗೆ ಗಾಬರಿ. ಅಮ್ಮನಿಗೆ ಎಲ್ಲ ಬರುತ್ತಿತ್ತು. ಇತಿಹಾಸ ಕೇಳಿದರೆ ಇತಿಹಾಸ, ಕನ್ನಡ ಪದ್ಯ ಕೇಳಿದರೆ ಪದ್ಯ, ನಡುವೆ ಅಪ್ಪ ಕೆಮ್ಮುತ್ತಿದ್ದ ಜಾಗವೂ ಸೇರಿ. ವರ್ಷವರ್ಷವೂ ಅದೇ ಪಾಠ ಗೋಡೆಯಾಚೆಯಿಂದ ಅವಳ ಕಿವಿಗೆ ಬೀಳುತ್ತಿತ್ತಲ್ಲ. ಅಕ್ಕಿ ಆರಿಸುತ್ತ, ತೆಂಗಿನಕಾಯಿ ತುರಿಯುತ್ತ ಅವಳು ಹತ್ತನೇ ಕ್ಲಾಸನ್ನು ನಮಗಿಂತ ಎಷ್ಟೋ ಸಲ ಮುಗಿಸಿದ್ದಳು. ಶಾರದಾಪೂಜೆಯ ದಿನ ಅಪ್ಪ ಬೋರ್ಡಿನ ಮುಂಭಾಗಕ್ಕೆ ಹೂ ಏರಿಸಿದರೆ, ಅಮ್ಮ ಈಚೆ ಕಡೆ ಆ ಮೊಳೆಗಳಿಗೆ ಯಾರಿಗೂ ಹೇಳದೆ ಕುಂಕುಮ ಹಚ್ಚುತ್ತಿದ್ದದ್ದು ಯಾಕೆಂದು ನನಗೆ ಆಗ ಅರ್ಥವಾಯಿತು. ನಾಚಿಕೆ ಹೋಗಿ ಅವಳ ಬಗ್ಗೆ ಮೊದಲ ಬಾರಿಗೆ ಹೆಮ್ಮೆ ಅನ್ನಿಸಿತು.

ಆಮೇಲೆ ಭೂಮಿತಿಗೆ ಬಂದೆವು. ಲೆಕ್ಕದ ಎರಡನೇ ಪೇಪರು, ಕೋನ, ತ್ರಿಭುಜ, ವೃತ್ತ. ಪ್ರಮೇಯ ಹೇಳಿ ಎಂದಳು ಮಹಾದೇವಿ. ಅಮ್ಮ ಕಣ್ಣು ಮುಚ್ಚಿ, ತ್ರಿಭುಜ ಎಬಿಸಿಯಲ್ಲಿ ಎಬಿ ಮತ್ತು ಎಸಿ ಸಮ ಎಂದು ಹಿಡಿದು, ಆದ್ದರಿಂದ ಎನ್ನುವವರೆಗೆ ಒಂದೇ ಉಸಿರಿಗೆ ಒಪ್ಪಿಸಿದಳು. ಒಂದಕ್ಷರ ತಪ್ಪಿಲ್ಲ.

"ಬರೋಬರಿ ಅದ. ಇನ್ನ ಚಿತ್ರ ತೆಗೀರಿ," ಎಂದಳು ಮಹಾದೇವಿ.

ಅಮ್ಮ ಒಂದು ತ್ರಿಭುಜ ಬರೆದಳು. ಅಂದವಾಗಿಯೇ ಇತ್ತು. ಅದರ ಕೆಳಗೆ ಎ, ಬಿ, ಸಿ ಎಂದು ಮೂರಕ್ಷರವನ್ನು ಒಂದೇ ಸಾಲಿನಲ್ಲಿ, ಸಮ ಸಮ ದೂರದಲ್ಲಿ ಬರೆದಳು. ಬರೆದು, ಮುಗಿಯಿತು ಎಂಬಂತೆ ಪೆನ್ಸಿಲ್ ಕೆಳಗಿಟ್ಟಳು.

"ಎಂತ ಅಮ್ಮ ಇದು? ತ್ರಿಭುಜ ಒಂದು ಕಡೆ, ಎಬಿಸಿ ಒಂದು ಕಡೆ!" ಎಂದ ವಸಂತ.

"ಮತ್ತೆ ಸರ್ ದಿನಾ ಹಾಗೇ ತಾನೇ ತೋರಿಸೋದು? ಇದು ಎ, ಇದು ಬಿ, ಇದು ಸಿ ಅಂತ ಟಕ್, ಟಕ್, ಟಕ್ ಅನ್ನಿಸ್ತಾರಲ್ಲ ಕೋಲಲ್ಲಿ."

ನಮಗೆ ಆಗ ಹೊಳೆಯಿತು. ಅಪ್ಪ ಕೋಲಿನಿಂದ ತ್ರಿಭುಜದ ಮೂರು ಮೂಲೆ ಮುಟ್ಟಿ ತೋರಿಸುತ್ತಿದ್ದರು. ಗೋಡೆಯ ಹಿಂದೆ ನಿಂತವಳಿಗೆ ಕೇಳುತ್ತಿದ್ದದ್ದು ಒಂದರ ಹಿಂದೊಂದು ಮೂರು ಸದ್ದು. ಅವಳು ಓದಿದ ಊರ ಶಾಲೆಯಲ್ಲಿ ಹುಡುಗಿಯರಿಗೆ ಭೂಮಿತಿಯ ಹೊತ್ತಿನಲ್ಲಿ ಹೊಲಿಗೆ ಕಲಿಸುತ್ತಿದ್ದರಂತೆ. ಅವಳು ಮೂರಕ್ಷರವನ್ನು ಸಾಲಾಗಿ ಕೂರಿಸಿಕೊಂಡು, ಆ ಸಾಲಿನಿಂದ ತ್ರಿಭುಜ ಹೇಗೆ ಸಿದ್ಧವಾಗುತ್ತದೋ ತಿಳಿಯದೆ, ತಿಳಿದವರು ಹೇಳುತ್ತಿದ್ದಾರಲ್ಲ ಎಂದು ನಂಬಿ ಬಾಯಿಪಾಠ ಮಾಡಿದ್ದಳು. ನಾವು ಮೂವರೂ ನಕ್ಕೆವು. ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅಮ್ಮನೂ ನಕ್ಕಳು, ಆದರೆ ಕಿವಿಯೆಲ್ಲ ಕೆಂಪಾಗಿತ್ತು.

ನಗುವಿನ ಸದ್ದಿಗೆ ಅಪ್ಪ ಆಫೀಸಿನಿಂದ ಬಂದರು. ನೆಲದ ಮೇಲಿದ್ದ ಚಿತ್ರವನ್ನು ಎತ್ತಿಕೊಂಡು ನೋಡಿದರು. ವಸಂತ ಆ ಟಕ್ ಟಕ್ ಕಥೆ ಹೇಳಿದ. ಅಪ್ಪನ ತುಟಿಯೂ ಒಂದು ಸಲ ಅಲುಗಿತು, ಆಮೇಲೆ ನಿಂತುಹೋಯಿತು. ಚಿತ್ರ ನೋಡುತ್ತಲೇ ನಿಂತರು. ಎಷ್ಟೋ ದಿನದ ಮೇಲೆ ನೇರವಾಗಿ ಅಮ್ಮನಿಗೆ ಹೇಳಿದರು:

"ಏಳು. ಆಚೆ ಬಾ."

ಪ್ಯಾಸೇಜು ಸುತ್ತಿಕೊಂಡು ಖಾಲಿ ಹತ್ತನೇ ಕ್ಲಾಸಿಗೆ ಹೋದೆವು. ಗುಡಿಸಲು ಅಮ್ಮ ಆ ಕೋಣೆಗೆ ದಿನವೂ ಹೋಗುತ್ತಿದ್ದಳು. ಆ ಹೊತ್ತಿಗೆ ಬೋರ್ಡು ಒರೆಸಿರುತ್ತಿತ್ತು. ಅಪ್ಪ ಅವಳನ್ನು ಮೊದಲ ಬೆಂಚಿನಲ್ಲಿ ಕೂರಿಸಿದರು. ಸೀಮೆಸುಣ್ಣದಿಂದ ಒಂದು ದೊಡ್ಡ ತ್ರಿಭುಜ ಬರೆದು, ತುದಿಯಲ್ಲಿ ಎ, ಎಡಕ್ಕೆ ಬಿ, ಬಲಕ್ಕೆ ಸಿ ಬರೆದರು. ಗೋಡೆಯಾಚೆ ನಮ್ಮ ಸೌಟು, ಜರಡಿ ಸಣ್ಣಗೆ ಸದ್ದುಮಾಡಿದವು. ಅಮ್ಮ ಕತ್ತೆತ್ತಿ ನೋಡುತ್ತ ಕೂತಳು.

"ಇಷ್ಟೇನಾ?" ಎಂದಳು ಆಮೇಲೆ. "ಇಷ್ಟು ಸುಲಭದ್ದನ್ನ ಇಷ್ಟು ವರ್ಷ ಮರೆಯಲ್ಲಿಟ್ಟುಕೊಂಡಿದ್ರಾ?"

ಅಪ್ಪ ನಕ್ಕುಬಿಟ್ಟರು. ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡರು. "ನಾನು ಇಷ್ಟು ವರ್ಷ ಪಾಠ ಮಾಡಿದೆ," ಎಂದರು. "ನೀನು ಕೇಳಿಸಿಕೊಳ್ತಿದ್ದೀ ಅಂತ ಗೊತ್ತೇ ಇರಲಿಲ್ಲ ಕಣೆ." ಆ ದಿನ ಅಪ್ಪ ಎರಡು ಸಲ ಸಾರು ಹಾಕಿಸಿಕೊಂಡರು. ನಾನು ಇಂದು ಟೀಚರಾಗಿ ರಿಟೈರ್ ಆಗುವ ಹೊತ್ತಿಗೆ ಬಂದಿದ್ದೇನೆ. ಪಾಠದ ನಡುವೆ ಕೊನೆಯ ಬೆಂಚಿನ ಹಿಂದೆ ಹೋಗಿ ನಿಂತು ಬೋರ್ಡನ್ನು ನೋಡುವ ಚಟ ನನಗಿದೆ. ಮಕ್ಕಳು ನಗುತ್ತಾರೆ, ನಗಲಿ.

ಅಲ್ಲಿಂದ ಪರೀಕ್ಷೆಯವರೆಗೆ ಅಮ್ಮ ದಿನವೂ ಸಂಜೆ ಬೋರ್ಡಿನ ಮುಂದೆ ಕೂತಳು. ಅಪ್ಪ ಬರೆಯುವರು, ಮಹಾದೇವಿ ತಿದ್ದಿಸುವಳು, ಅನ್ನ ಸೀದು ಹೋಗುವುದು. ಹಬ್ಬಗಳನ್ನೆಲ್ಲ ಆ ವರ್ಷ ಚಿತ್ರಾನ್ನದಲ್ಲಿ ಮುಗಿಸಿದೆವು. ನೀಲವ್ವ ಆಗಾಗ ಜೋಳದ ರೊಟ್ಟಿ, ಪುಂಡಿಪಲ್ಯ ತಂದುಕೊಟ್ಟು, "ಓದೂ ಮಂದಿ ಉಪಾಸ ಇರಬಾರದ್ರಿ," ಎಂದು ಅಮ್ಮನ ಪುಸ್ತಕದೊಳಗೆ ಇಣುಕಿ ಹೋಗುತ್ತಿದ್ದಳು.

ಮಾರ್ಚಿನಲ್ಲಿ ಪರೀಕ್ಷೆ. ಸೆಂಟರು ಬಂದದ್ದು ಗೋರೆಗಾಂವಿನ ಒಂದು ಶಾಲೆಗೆ. ಅಪ್ಪ ನಮ್ಮನ್ನು ಲೋಕಲ್ಲಿನ ಲೇಡೀಸ್ ಡಬ್ಬಿಗೆ ಹತ್ತಿಸಿ ತಾವು ಪಕ್ಕದ ಡಬ್ಬಿ ಹಿಡಿದರು. ಗೇಟಿನ ಹೊರಗೆ ಮಕ್ಕಳಿಗೆ ನೀರು, ಗ್ಲೂಕೋಸು ಹಿಡಿದ ತಾಯಂದಿರ ಗುಂಪು. ಅದರ ನಡುವೆ ಟೋಪಿ ಹಾಕಿಕೊಂಡ ನಮ್ಮ ಹೆಡ್ ಸರ್, ಕೈಯಲ್ಲಿ ಮಜ್ಜಿಗೆಯ ಬಾಟಲಿ. ಗೇಟಿನ ವಾಚ್‌ಮನ್ ಕೇಳಿದ:

"ಸಾಬ್, ಆಪ್‌ಕಾ ಬಚ್ಚಾ ಕಿಧರ್ ಹೈ?"

ನಾನು ಅಪ್ಪನ ಮುಖ ನೋಡಿದೆ. ಮಗಳು ಎಂದು ನನ್ನ ಕಡೆ ಕೈ ತೋರಿಸಿದರೆ ಮುಗಿದುಹೋಗುತ್ತಿತ್ತು, ಸುಳ್ಳೂ ಆಗುತ್ತಿರಲಿಲ್ಲ.

"ಮೇರೀ ಬೇಟಿ ಭೀ ಹೈ," ಎಂದರು ಅಪ್ಪ, ಬಕೆಟ್ ಕಾರ್ಖಾನೆಯ ಮೇಲೆ ಮಾತಾಡುವ ಗಂಟಲಿನಲ್ಲಿ. "ಔರ್ ಮೇರೀ ಪತ್ನೀ ಭೀ."

ಹೆಂಗಸರೆಲ್ಲ ತಿರುಗಿ ನೋಡಿದರು. ಅಮ್ಮ ಸೆರಗು ಹೊದ್ದು, ಕಂಪಾಸ್ ಪೆಟ್ಟಿಗೆ ಎದೆಗವುಚಿಕೊಂಡು ಒಳಗೆ ನಡೆದಳು.

ಭೂಮಿತಿಯ ಪೇಪರು ಮುಗಿಸಿ ಹೊರಗೆ ಬಂದಾಗ ಅಮ್ಮನ ಮುಖ ಅರಳಿತ್ತು. "ಎಲ್ಲಾ ಬರೆದೆ. ಕೇಳಿದ ಪ್ರಮೇಯ ಒಂದೂ ಬಿಡಲಿಲ್ಲ," ಎಂದಳು.

"ಚಿತ್ರಗಳು?" ಎಂದ ವಸಂತ.

ಅಮ್ಮ ಬಾಯಿಗೆ ಕೈ ಇಟ್ಟುಕೊಂಡಳು. ಪ್ರಶ್ನೆ ಓದುತ್ತಲೇ ಕಣ್ಣು ಮುಚ್ಚಿದ್ದಾಳೆ, ಅಪ್ಪನ ದನಿ ಕೇಳಿದೆ, ಆ ದನಿಯ ಹಿಂದೆಯೇ ಬರೆದುಕೊಂಡು ಹೋಗಿದ್ದಾಳೆ. ವರ್ಷಗಟ್ಟಲೆಯ ಕಿವಿ ಕೆಲವು ತಿಂಗಳಿನ ಕಣ್ಣನ್ನು ಗೆದ್ದುಬಿಟ್ಟಿತ್ತು. ಇಡೀ ಪೇಪರಿನಲ್ಲಿ ಒಂದು ಗೆರೆಯನ್ನೂ ಎಳೆದಿರಲಿಲ್ಲ. ವಾಪಸು ಬರುವಾಗ ಲೋಕಲ್ಲಿನಲ್ಲಿ ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಮಹಾದೇವಿ ಅವಳ ಕೈ ಹಿಡಿದುಕೊಂಡಿದ್ದಳು. ಇಬ್ಬರಲ್ಲಿ ಒಬ್ಬರು ಫೇಲಾದರೆ ಆ ಒಪ್ಪಂದ ಏನಾಗುತ್ತದೆ ಎಂದು ಯಾರೂ ಬಾಯಿಬಿಡಲಿಲ್ಲ.

ಜೂನಿನಲ್ಲಿ ರಿಸಲ್ಟು ಬಂತು. ಮಹಾದೇವಿ ಶಾಲೆಗೇ ಮೊದಲು. ನಾನು ಪಾಸು, ವಸಂತನೂ ಹೇಗೋ ದಡ ಸೇರಿದ. ಅಮ್ಮ ಎಲ್ಲದರಲ್ಲೂ ಪಾಸು, ಲೆಕ್ಕದಲ್ಲಿ ಫೇಲು. ಅಪ್ಪ ಅದನ್ನು ಹೇಳಲು ಮನೆಯೊಳಗೆ ಬಂದವರು ಹೇಳಲಾರದೆ ನಿಂತರು. ಅವರು ನಿಂತ ರೀತಿಯಲ್ಲೇ ಅಮ್ಮನಿಗೆ ಗೊತ್ತಾಯಿತು. ಪಾತ್ರೆ ತೊಳೆಯುವ ಮೋರಿಯ ಹತ್ತಿರ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ಅಪ್ಪ ಹೋಗಿ ನಲ್ಲಿ ನಿಲ್ಲಿಸಿ, "ಯಾರು ಏನಾದರೂ ಅಂದುಕೊಳ್ಳಲಿ. ನನ್ನ ಶಾಲೇಲಿ ನಿನ್ನಷ್ಟು ಓದಿದೋರು ಇಲ್ಲ," ಎಂದರು. ಅವರ ಭಯ ಅವತ್ತಿಗೆ ಮುಗಿದಿತ್ತು.

ಅಷ್ಟರಲ್ಲಿ ಶರಣಪ್ಪ, ನೀಲವ್ವ ಪೇಡೆಯ ಪೊಟ್ಟಣ ಹಿಡಿದು ಬಂದರು. ಹಿಂದೆ ಮಹಾದೇವಿ, ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ. ಊರಿಗೆ ಹೊರಡುವ ಮಾತು ಮನೆಯಲ್ಲಿ ಆಗಲೇ ಬಂದಿತ್ತೆಂದು ನನಗೆ ಕಣ್ಣಲ್ಲೇ ಹೇಳಿದಳು. ಅಮ್ಮನ ಕೆಂಪು ಕಣ್ಣು ನೋಡಿ ಶರಣಪ್ಪ ಪೊಟ್ಟಣವನ್ನು ಬೆನ್ನ ಹಿಂದೆ ಇಟ್ಟುಕೊಂಡರು. ನೀಲವ್ವ ಅದನ್ನು ಕಸಿದುಕೊಂಡು ಒಂದು ಪೇಡೆಯನ್ನು ಅಮ್ಮನ ಬಾಯಿಗೇ ತುರುಕಿದಳು.

"ತಿನ್ನರಿ ಬಾಯಾರ. ನಮ್ಮ ಹುಡುಗಿನ್ನ ಪಾಸ ಮಾಡಿದಾಕಿ ನೀವ."

ಅಮ್ಮ ಪೇಡೆಯನ್ನು ಪೂರಾ ನುಂಗಿ, ಸೆರಗಿನಿಂದ ಬಾಯಿ ಒರೆಸಿಕೊಂಡಳು. ಆಮೇಲೆ ಶರಣಪ್ಪನವರ ಕಡೆ ತಿರುಗಿದಳು.

"ಇಬ್ಬರೂ ಪಾಸಾಗೋ ತನಕ ಅಂದಿದ್ರಿ ಅಲ್ವಾ?"

ಶರಣಪ್ಪ ಏನೋ ಹೇಳಲು ಬಾಯಿ ತೆರೆದರು.

"ನಾನು ಫೇಲು," ಎಂದಳು ಅಮ್ಮ, ಇಷ್ಟು ಹೊತ್ತು ಅತ್ತವಳು ಇವಳೇ ಹೌದೋ ಅಲ್ಲವೋ ಎಂಬ ಹಾಗೆ. "ಅಕ್ಟೋಬರಿನಲ್ಲಿ ಮತ್ತೆ ಕೂರಬೇಕು. ಇವಳು ಹೇಳಿಕೊಡದಿದ್ರೆ ನನಗೆ ಭೂಮಿತಿ ಬರಲ್ಲ. ಅಲ್ಲಿವರೆಗೆ ಹುಡುಗಿ ಸುಮ್ಮನೆ ಕೂತು ಏನು ಮಾಡ್ತಾಳೆ? ಸರ್ ಕಾಲೇಜಿಗೆ ಸೇರಿಸ್ತಾರೆ, ಸುಮ್ಮನೆ ಹೋಗಿ ಬರ್ತಿರ್ಲಿ."

ಅಪ್ಪ ಸಾಕ್ಷಿಯಾಗಿದ್ದವರು, ಗಂಭೀರವಾಗಿ ತಲೆಯಾಡಿಸಿದರು. ಶರಣಪ್ಪ ಮಾತಿಗೆ ನಿಲ್ಲುವ ಮನುಷ್ಯ. ಗೋಡೆ ನೋಡಿದರು, ಹೆಂಡತಿಯನ್ನು ನೋಡಿದರು, "ಅಕ್ಟೋಬರ ತನಕಾ ಅಷ್ಟ," ಎಂದರು. ಆ ವಾರವೇ ಮಹಾದೇವಿಯೂ ನಾನೂ ಹನ್ನೊಂದನೇ ಕ್ಲಾಸಿಗೆ ಸೇರಿದೆವು. ಕಟ್ಟಡದ ಕೆಲಸ ದೂರದ ಮೀರಾ ರೋಡಿಗೆ ಹೋದಾಗ ಅವಳು ಹಾಸಿಗೆ ಸುತ್ತಿಕೊಂಡು ನಮ್ಮನೆಗೇ ಬಂದಳು. ಅಟ್ಟದ ಮೇಲೆ ಗಾಜಿನ ಕೊಳವೆಗಳ ಪಕ್ಕ ಅವಳ ಟ್ರಂಕಿಗೆ ಜಾಗವಾಯಿತು.

ಅಕ್ಟೋಬರಿನಲ್ಲಿ ಅಮ್ಮ ಮತ್ತೆ ಬರೆದಳು. ಈ ಸಲ ಚಿತ್ರ ಮೊದಲು, ಮಾತು ಆಮೇಲೆ. ಪಾಸಾದಳು. ಸುದ್ದಿ ಕೇಳಿ ಶರಣಪ್ಪ, ನೀಲವ್ವ ಮೀರಾ ರೋಡಿನಿಂದ ಬಂದರು. ಈ ಸಲ ಪೇಡೆ ಕೊಟ್ಟವಳು ಅಮ್ಮ. ಶರಣಪ್ಪ ಚಾಪೆಯ ಮೇಲೆ ಕೂತು ಪೇಡೆಯನ್ನು ಕೈಯಲ್ಲೇ ಇಟ್ಟುಕೊಂಡರು. ಬಾಗಿಲ ಹತ್ತಿರ ಮಗಳು ಕಾಲೇಜಿನ ಚೀಲ ಹೆಗಲಿಗೆ ಹಾಕಿಕೊಂಡು ನಿಂತಿದ್ದಳು. ಅವಳನ್ನು ನೋಡಿದರು, ಆಮೇಲೆ ಅಮ್ಮನನ್ನು ನೋಡಿದರು.

"ಬಾಯಾರ," ಎಂದರು ನಿಧಾನಕ್ಕೆ, "ಇನ್ನ ಯಾವದರೆ ಪರೀಕ್ಷಾ ಉಳದಾವೇನ್ರಿ ನಿಮ್ದು?"

ಅಮ್ಮ ಒಂದಿಷ್ಟೂ ತಡವರಿಸಲಿಲ್ಲ.

"ಹನ್ನೆರಡನೇದು ಇದೆಯಲ್ಲ ಶರಣಪ್ಪನವರೇ. ಅದನ್ನ ಒಬ್ಬಳೇ ಹೇಗೆ ಬರೀಲಿ?"

ಶರಣಪ್ಪನವರ ಮೀಸೆಯ ಕೆಳಗೆ ನಗು ಬಂತು. ತಡೆಯಲು ನೋಡಿದರು, ಆಗಲಿಲ್ಲ. ಪೇಡೆಯನ್ನು ಬಾಯಿಗೆ ಹಾಕಿಕೊಂಡು ಹೆಂಡತಿಯ ಕಡೆ ತಿರುಗಿದರು.

"ಮತ್ತ ಊರಾಗ ಆ ಹುಡುಗ ಕಾಯಾಕತ್ಯಾನಲ್ಲ, ಅವಗ ಏನಂತ ಹೇಳ್ಲಿ?"

"ಬಾಯಾರ್ದು ಪರೀಕ್ಷಾ ಇನ್ನ ಮುಗದಿಲ್ಲಂತ ಹೇಳ್ರಿ," ಎಂದಳು ನೀಲವ್ವ.